ಪೆನ್ಸಿಲ್ ಲೇಯರಿನಲ್ಲಿ ನಲವತ್ಮೂರು ಬಾಗಿಲು

ಊರು ನಕ್ಷೆಯಂತೆ ಇರಬೇಕೋ, ನಕ್ಷೆ ಊರಿನಂತೆ ಇರಬೇಕೋ ಎಂಬ ಜಗಳ ನೂಲಾಪುರದಲ್ಲಿ ಮೂವತ್ತು ವರ್ಷದ ಹಿಂದೆಯೇ ಮುಗಿದಿತ್ತು. ನಕ್ಷೆ ಗೆದ್ದಿತ್ತು.

ಹುಬ್ಬಳ್ಳಿಗೂ ಗದಗಿಗೂ ನಡುವೆ, ಹತ್ತಿ ಗಿರಣಿಗಳ ಕಾಲದಲ್ಲಿ ಹುಟ್ಟಿ, ಗಿರಣಿಗಳು ಮುಚ್ಚಿದ ಮೇಲೂ ಹಟಕ್ಕೆ ಬಿದ್ದು ಬೆಳೆದ ಊರು ಅದು. ಹತ್ತು ಲಕ್ಷ ಜನ. ನೀರು ಬಿಡುವುದು, ದೀಪ ಹಾಕುವುದು, ಕಸ ಎತ್ತುವುದು, ನೆಲ ಸಪಾಟು ಮಾಡುವುದು ಎಲ್ಲವೂ ಯಂತ್ರಗಳ ಪಾಲಿಗೆ ಬಂದಿತ್ತು. ಆ ಯಂತ್ರಗಳಿಗೆ ಕಣ್ಣಿಲ್ಲವೆಂದಲ್ಲ, ಕಂಡದ್ದನ್ನು ನಂಬುವ ಅಧಿಕಾರ ಇರಲಿಲ್ಲ. ಎದುರಿಗೆ ಗೋಡೆ ಬಂದರೆ ಅವು ನಕ್ಷೆಯನ್ನು ಕೇಳುತ್ತಿದ್ದವು. ನಕ್ಷೆ ಗೋಡೆ ಅಂದರೆ ಗೋಡೆ, ಇಲ್ಲ ಅಂದರೆ ಅದು ಬರೀ ಮಣ್ಣಿನ ದಿಬ್ಬ.

ನಕ್ಷೆ ಎಂದರೆ ಒಂದೇ ಹಾಳೆಯಲ್ಲ. ಒಂದರ ಮೇಲೊಂದು ಹಾಸಿದ ಲೇಯರುಗಳು. ನೀರಿನ ಕೊಳವೆಗಳದ್ದೊಂದು, ಚರಂಡಿಯದೊಂದು, ಮನೆಗಳದ್ದು, ಮರಗಳದ್ದು, ಸ್ಮಶಾನಗಳದ್ದು. ಯಾವ ಲೇಯರು ಹೊತ್ತಿದೆಯೋ ಅದರಲ್ಲಿದ್ದದ್ದು ಊರಿನಲ್ಲಿ ಉಂಟು, ಆರಿಸಿದ್ದು ಇಲ್ಲ. ಶಾಸ್ತ್ರದ ಪ್ರಕಾರ ಅರವತ್ನಾಲ್ಕು ಲೇಯರು ಸಾಕು. ಆದರೆ ಗುತ್ತಿಗೆದಾರರು, ಅವರ ಕೈಕೆಳಗಿನವರು, ಅವರ ಭಾವಮೈದುನರು ಸೇರಿ ವರ್ಷದೊಳಗೆ ಸಾವಿರದ ಮುನ್ನೂರು ಮಾಡಿಟ್ಟಿರುತ್ತಿದ್ದರು. ಅವುಗಳ ಹೆಸರು ಓದಿದರೆ ನಗುವುದೋ ಅಳುವುದೋ ತಿಳಿಯದು: ‘ಹೊಸದು’, ‘ಹೊಸದು ಎರಡು’, ‘ಕೊನೇದು’, ‘ಖರೇನ ಕೊನೇದು’, ‘ಸಾಹೇಬ್ರು ಹೇಳಿದ್ದು’. ಇವನ್ನೆಲ್ಲ ಬಿಡಿಸಿ, ಗೆರೆ ಗೆರೆಯನ್ನೂ ಅದರದರ ಜಾಗಕ್ಕೆ ಸೇರಿಸಿ, ಖಾಲಿಯಾದದ್ದನ್ನು ಎಸೆಯುವ ಕೆಲಸಕ್ಕೇ ಒಂದು ಕಚೇರಿ ಇತ್ತು. ಊರವರು ಅದನ್ನು ನಕ್ಷೆಮನೆ ಅನ್ನುತ್ತಿದ್ದರು.

ಮಂದಾಕಿನಿ ಸಿಂಪಿಗೇರ ಆ ನಕ್ಷೆಮನೆಯಲ್ಲಿ ಹನ್ನೆರಡು ವರ್ಷದಿಂದ ಇದ್ದಳು. ಲೇಯರು ಬಿಡಿಸುವುದರಲ್ಲಿ ಅವಳ ಕೈಗೆ ಸಮನಾದ ಕೈ ಇರಲಿಲ್ಲ. ಗೋಜಲಾದ ನೂಲಿನ ಉಂಡೆಯನ್ನು ಕೊಟ್ಟರೂ ತುದಿ ಹುಡುಕಿ ಕೊಡುವಂಥವಳು ಎಂದು ಮುಖ್ಯಸ್ಥ ಹಂಪಣ್ಣವರ ಅವರೇ ಬಂದವರ ಮುಂದೆ ಹೇಳುತ್ತಿದ್ದರು. ಹಾಗೆ ಹೇಳಿದಾಗಲೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು. ನೋಡಿದವರು ವಿನಯ ಎಂದುಕೊಳ್ಳುತ್ತಿದ್ದರು.

ಅರವತ್ನಾಲ್ಕರ ಹೊರಗೆ ಇನ್ನೊಂದು ಲೇಯರು ಇತ್ತು. ಹಿಂದೆ ಕಾಗದದ ಮೇಲೆ ಬರೆಯುವಾಗ ಮೊದಲು ಪೆನ್ಸಿಲಿನಿಂದ ತೆಳುವಾಗಿ ಗೆರೆ ಹಾಕಿ, ಅದರ ಆಧಾರದ ಮೇಲೆ ಶಾಯಿ ಎಳೆದು, ಆಮೇಲೆ ಪೆನ್ಸಿಲನ್ನು ಅಳಿಸುತ್ತಿದ್ದರಂತೆ. ಆ ಕಾಲದ ನೆನಪಿಗೆ ಇದಕ್ಕೂ ಪೆನ್ಸಿಲ್ ಲೇಯರ್ ಎಂದೇ ಹೆಸರು. ಇದರಲ್ಲಿ ಇಟ್ಟದ್ದು ಪರದೆಯ ಮೇಲೆ ಮನುಷ್ಯರಿಗೆ ಎಂದಿನಂತೆ, ತನ್ನದೇ ಬಣ್ಣದಲ್ಲಿ ಕಾಣುತ್ತದೆ. ಯಂತ್ರಗಳಿಗೆ ಕಾಣುವುದಿಲ್ಲ. ತೀರ್ಮಾನವಾಗದ್ದನ್ನೆಲ್ಲ ಸದ್ಯಕ್ಕೆ ಪೆನ್ಸಿಲಿಗೆ ತಳ್ಳಿ ‘ಆಮೇಲೆ ನೋಡೋಣ’ ಅನ್ನುವುದು ನಕ್ಷೆಗಾರರ ಹಳೆಯ ಚಾಳಿ. ಪೆನ್ಸಿಲಿಗೆ ಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಲ್ಲಿಂದ ಎತ್ತಿ ಯಂತ್ರದ ಕಣ್ಣಿಗೆ ತರಬೇಕಾದರೆ ಮಾತ್ರ ಕಾಗದಪತ್ರ ಬೇಕು, ಇಲ್ಲವೇ ಕಣ್ಣುಸಾಕ್ಷಿ.

ಕಣ್ಣುಸಾಕ್ಷಿ ಎಂದರೆ, ಪತ್ರವಿಲ್ಲದ ಜಾಗವನ್ನು ಬಲ್ಲ ಒಬ್ಬರು ಕಚೇರಿಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, ನಕ್ಷೆಯಲ್ಲಿ ಇಲ್ಲದ ಮೂರು ಸಂಗತಿಗಳನ್ನು ಹೇಳಬೇಕು. ಆ ಜಾಗ ತನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು. ಹೇಳಿದವರ ಹೆಸರು ಆ ಜಾಗಕ್ಕೆ ಶಾಶ್ವತವಾಗಿ ಅಂಟಿಕೊಳ್ಳುತ್ತಿತ್ತು.

ಆ ಶುಕ್ರವಾರ ಮಧ್ಯಾಹ್ನ, ವರ್ಷದ ಶುದ್ಧಿಯ ಕೊನೆಯ ದಿನ, ಉದ್ದನೆಯ ಮೇಜಿನ ಸುತ್ತ ಆರು ಜನ ನಕ್ಷೆಗಾರರು ಕೂತಿದ್ದರು. ಹಂಪಣ್ಣವರ ಒಂದೊಂದೇ ಲೇಯರಿನ ಹೆಸರು ಓದುತ್ತಿದ್ದರು, ಮಂದಾಕಿನಿ ಬಿಡಿಸುತ್ತಿದ್ದಳು. ಚಹಾ ಎರಡು ಸಲ ಬಂದು ಹೋಗಿತ್ತು. ಆಗ ‘ಶೆಡ್ಡು ಇತ್ಯಾದಿ’ ಎಂಬ ಲೇಯರು ತೆರೆಯಿತು. ಗಿರಣಿಯ ಹಾಳುಗೋಡೆಯ ಹಿಂದೆ ಎದುರು ಬದುರಾಗಿ ಎರಡು ಸಾಲು ಚಿಕ್ಕ ಚೌಕಗಳು. ನಡುವೆ ಒಂದು ನೀಲಿ ಗೆರೆ, ಅದರ ತುದಿಗೆ ಒಂದು ನಳ.

“ಇದು ಯಾವುದ್ರಿ? ಯಾರರ ಕಂಡೀರೇನು?” ಎಂದು ಹಂಪಣ್ಣವರ ಕೇಳಿದರು.

ಗಿರಣಿ ಚಾಳ ಇರಬೇಕು, ಹಿಂದೆ ಗಿರಣಿಯ ಕೂಲಿಗಳಿಗೆ ಕಟ್ಟಿಸಿದ ಸಾಲುಮನೆ, ಎಂದು ಒಬ್ಬ ಹೇಳಿದ. ಅಲ್ಲಿ ಇನ್ನೂ ಜನ ಇದ್ದಾರೆಯೇ ಎಂದು ಇನ್ನೊಬ್ಬಳಿಗೆ ಆಶ್ಚರ್ಯ. ಜನ ಇದ್ದರೂ ನಾಲ್ಕು ಕಾಲಿನವರಿರಬೇಕು ಎಂದು ಮೂರನೆಯವನು ಹೇಳಿ, ತಾನೇ ಮೊದಲು ನಕ್ಕ. ಮೇಜಿನ ಸುತ್ತ ನಗೆ ಹಬ್ಬಿತು. ಮಂದಾಕಿನಿಯೂ ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದಲ್ಲ, ಅದಕ್ಕೇ ಉಳಿದವರಿಗಿಂತ ತುಸು ಜಾಸ್ತಿಯೇ ನಕ್ಕಳು.

ಆ ಎಡಸಾಲಿನ ಹದಿನೇಳನೆಯ ಚೌಕದಲ್ಲಿ ಅವಳು ಹುಟ್ಟಿದ್ದಳು.

“ಸದ್ಯಕ್ಕ ಪೆನ್ಸಿಲಿಗೆ ಹಾಕಿರ್ತೀನ್ರಿ ಸರ್. ಸೋಮವಾರ ನೋಡಿದ್ರಾತು,” ಅಂದಳು.

ಎರಡು ಬೆರಳಿನ ಕೆಲಸ. ನಲವತ್ಮೂರು ಬಾಗಿಲು, ಒಂದು ಕೊಳವೆ, ಒಂದು ನಳ ಪೆನ್ಸಿಲಿಗೆ ಹೋದವು. ಪರದೆಯ ಮೇಲೆ ಏನೂ ಬದಲಾಗಲಿಲ್ಲ. ಹಂಪಣ್ಣವರ ಮುಂದಿನ ಹೆಸರು ಓದಿದರು.

ಇಷ್ಟಕ್ಕೆಲ್ಲ ಕಾರಣವಾದದ್ದು ಹನ್ನೆರಡು ವರ್ಷದ ಹಿಂದಿನ ಒಂದು ಚಿಕ್ಕ ಸುಳ್ಳು. ಕೆಲಸದ ಸಂದರ್ಶನದಲ್ಲಿ ಯಾವೂರಿನವರು ಎಂದು ಹಂಪಣ್ಣವರ ಸುಮ್ಮನೆ ಕೇಳಿದ್ದರು. ಡಿಪ್ಲೊಮಾ ಓದಲು ಮೂರು ವರ್ಷ ಧಾರವಾಡದ ಹಾಸ್ಟೆಲಿನಲ್ಲಿ ಇದ್ದವಳು ಧಾರವಾಡ ಎಂದಳು. ಅವರ ಮುಖ ಅರಳಿತು. ಧಾರವಾಡದವರು ಎಂದರೆ ಓದಿದ ಮನೆತನ, ಸಂಗೀತ, ಸಾಹಿತ್ಯ ಎಂದೆಲ್ಲ ಅವರೇ ಹೇಳಿಕೊಂಡು ಹೋದರು. ಅವಳು ತಡೆಯಲಿಲ್ಲ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎಂಬ ಮಾತು ಅವಳ ಪಾಲಿಗೆ ಪೇಢೆಯಾಗಿ ಬಂತು. ರಜೆ ಮುಗಿಸಿ ಬಂದಾಗಲೆಲ್ಲ ಊರಿನ ಪೇಢೆ ಎಲ್ಲಿ ಎಂದು ಕಚೇರಿಯವರು ಕೇಳುವರು. ಅವಳು ನೂಲಾಪುರದ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಪೇಢೆ ಕೊಂಡು, ಮೇಲಿನ ಕಾಗದ ಬಿಚ್ಚಿ, ಮನೆಯ ಡಬ್ಬಿಯಲ್ಲಿ ತುಂಬಿಕೊಂಡು ಹೋಗುವಳು. ಏನಂದ್ರೂ ಧಾರವಾಡದ ರುಚೀನ ಬ್ಯಾರೆ ಎಂದು ಅವರು ಚಪ್ಪರಿಸುವಾಗ ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಗಿರಣಿ ಚಾಳ ಆ ಕಚೇರಿಯಿಂದ ನಡೆದರೆ ಅರ್ಧ ಗಂಟೆಯ ದಾರಿ.

ಚಾಳದಲ್ಲಿ ಈಗಲೂ ಇದ್ದವಳು ಅಕ್ಕ ಕಾಶವ್ವ. ಅವ್ವ ಸತ್ತಾಗ ಮಂದಾಕಿನಿಗೆ ಆರು, ಕಾಶವ್ವನಿಗೆ ಹದಿನಾಲ್ಕು. ಅಂದಿನಿಂದ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು, ಊರ ಮಕ್ಕಳಿಗೆಲ್ಲ ಸಮವಸ್ತ್ರ ಹೊಲಿಯುತ್ತ ತಂಗಿಯನ್ನು ಓದಿಸಿದಳು. ಮದುವೆ ಎಂದರೆ ಆಮೇಲೆ ನೋಡೋಣ ಎಂದಳು, ಆ ಆಮೇಲೆ ಬರಲೇ ಇಲ್ಲ. ಕಚೇರಿಯಲ್ಲಿ ಧಾರವಾಡ ಎಂದು ಹೇಳಿದ್ದೇನೆ ಎಂದು ತಂಗಿ ಒಮ್ಮೆ ಬಾಯಿ ತಪ್ಪಿ ಹೇಳಿದಾಗ ಕಾಶವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತದೆ, ಹಾಗೇ ಇರಲಿ ಬಿಡು ಎಂದಳು. ತಂಗಿಯ ಮನೆ ಇದ್ದದ್ದು ಕಚೇರಿಯವರ ವಸತಿಗೃಹದಲ್ಲಿ. ಅಲ್ಲಿಗೆ ಬರುವಾಗ ಹಗಲು ಎಲ್ಲರೂ ಕೆಲಸಕ್ಕೆ ಹೋದ ಹೊತ್ತು ನೋಡಿ, ಅಥವಾ ಭಾನುವಾರ ಹಿಂದಿನ ಮೆಟ್ಟಿಲು ಹತ್ತಿ ಬರುವುದನ್ನು ಅವಳಾಗಿಯೇ ರೂಢಿ ಮಾಡಿಕೊಂಡಳು. ಬೇಡ ಎಂದು ಮಂದಾಕಿನಿ ಒಂದು ದಿನವೂ ಹೇಳಲಿಲ್ಲ.

ಗಂಡ ಶ್ರೀಶೈಲನಿಗೆ ಎಲ್ಲ ಗೊತ್ತಿತ್ತು. ಬೀಜ ಪರೀಕ್ಷೆಯ ಕೆಲಸದವನು, ಮೆತ್ತಗಿನ ಮನುಷ್ಯ. ಹೇಳಿಬಿಟ್ಟರೆ ಏನಾಗುತ್ತದೆ ಎಂದು ಎರಡು ಸಲ ಕೇಳಿದ್ದ. ಮೂರನೆಯ ಸಲ ಕೇಳಲಿಲ್ಲ.

ಸೋಮವಾರ ಬೆಳಗಿನ ಆರು ಗಂಟೆಗೆ ಹೊಸ ನಕ್ಷೆ ಜಾರಿಗೆ ಬಂತು. ಅಂದು ಮಂದಾಕಿನಿ ಪೆನ್ಸಿಲ್ ಲೇಯರನ್ನು ತೆರೆದಳು. ಪತ್ರ ಸಿಕ್ಕರೆ ಕಣ್ಣುಸಾಕ್ಷಿಯ ಗೊಡವೆ ಇರುವುದಿಲ್ಲ ಎಂದು ಗಿರಣಿಯ ಹಳೆಯ ಕಡತಗಳನ್ನೆಲ್ಲ ಜಾಲಾಡಿದಳು. ಗಿರಣಿಯೇ ಇಲ್ಲದ ಮೇಲೆ ಕಡತ ಎಲ್ಲಿಂದ ಬರಬೇಕು? ಚಾಳದವರ ಬಳಿ ಇದ್ದದ್ದು ನಾಲ್ಕು ತಲೆಮಾರಿನ ವಾಸ ಮಾತ್ರ, ಅದನ್ನು ಯಾರೂ ಬರೆದು ಕೊಟ್ಟಿರಲಿಲ್ಲ. ಒಂದು ಹುಸಿ ಪತ್ರ ತಾನೇ ಬರೆದರೆ ಹೇಗೆ ಎಂದೂ ಯೋಚಿಸಿದಳು, ಅಷ್ಟು ದೂರ ಹೋಗಲು ಕೈ ಬರಲಿಲ್ಲ. ಉಳಿದದ್ದು ಎದ್ದು ನಿಂತು ಹೇಳುವ ದಾರಿ ಒಂದೇ. ನಾಳೆ ಎಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ, ಇಲ್ಲಿ ಹಾಳಾಗುತ್ತಿದ್ದದ್ದು ಬೇರೆಯವರ ಮನೆ.

ಬುಧವಾರ ಕಂಟ್ರೋಲ್ ರೂಮಿನಿಂದ ಝಾಕೀರ್ ಮುಲ್ಲಾ ಕರೆದ. ಊರಿನ ನೀರಿನ ಕವಾಟಗಳೆಲ್ಲ ಅವನ ಕಣ್ಗಾವಲಿನಲ್ಲಿ ಇದ್ದವು. ಒಂದು ಗಮ್ಮತ್ತು ತೋರಿಸುತ್ತೇನೆ ಬನ್ನಿ ಎಂದು ಅವಳನ್ನು ಗೋಡೆಯಗಲದ ಪರದೆಯ ಮುಂದೆ ನಿಲ್ಲಿಸಿದ. ಗಿರಣಿ ಚಾಳ ಅಲ್ಲಿ ಬೆಳ್ಳಗೆ ಕಾಣುತ್ತಿತ್ತು, ನೀಲಿ ಕೊಳವೆಯೂ ಇತ್ತು.

“ನೋಡ್ರಿ ಮೇಡಂ, ನಮ್ಮ ಕಣ್ಣಿಗೆ ಐತಿ. ಯಂತ್ರಕ್ಕ ಕೇಳಿದ್ರ ಅಲ್ಲೇನೂ ಇಲ್ಲಾ ಅಂತೈತಿ. ಕೊಳವಿ ತೊಳಿಯೂ ಯಂತ್ರಾ ಕಳಿಸಿದ್ನಿ, ಅದೂ ಹೋಗಿ ಸುಮ್ನ ತಿರುಗಿ ಬಂತು.”

ಮಂದಾಕಿನಿ ಪರದೆಯಿಂದ ಕಣ್ಣು ತೆಗೆದಳು. ಹಳೆಯ ಕೊಳವೆ, ಎಲ್ಲೋ ಕಟ್ಟಿರಬೇಕು ಎಂದಳು. ಹನ್ನೆರಡು ವರ್ಷ ಗೆರೆಗಳ ವಿಷಯದಲ್ಲಿ ಒಂದು ತಪ್ಪು ಮಾತನ್ನೂ ಆಡದಿದ್ದವಳು ಹೇಳಿದ ಮೇಲೆ ಝಾಕೀರ್ ನಂಬದೆ ಏನು ಮಾಡುತ್ತಾನೆ. ಅಲ್ಲದೆ ಚಾಳದಿಂದ ನಿನ್ನೆ ಒಂದು ಅರ್ಜಿ ಬಂದಿತ್ತು, ಅದೂ ಅಷ್ಟರಲ್ಲೇ ವಾಪಸ್ಸಾಗಿದೆ, ನೀರು ಬರುತ್ತಿರಬೇಕು ಎಂದು ಅವನೇ ಸಮಾಧಾನ ಹೇಳಿಕೊಂಡ. ಮಂದಾಕಿನಿಯೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೀರು ಬರುತ್ತಿಲ್ಲ ಎಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. ಆದರೂ ಹಿಡಿದುಕೊಂಡಳು.

ಭಾನುವಾರ ಕಾಶವ್ವ ಬಂದಳು. ಹಿಂದಿನ ಮೆಟ್ಟಿಲಿನಿಂದಲೇ. ಕೈಯಲ್ಲಿ ಎರಡು ದೊಡ್ಡ ಕ್ಯಾನು. ಕೂದಲು ಜಿಡ್ಡುಗಟ್ಟಿತ್ತು, ಸೀರೆಯ ಅಂಚಿಗೆ ಕೆಸರು ಒಣಗಿತ್ತು. ಬದುಕಿನಲ್ಲಿ ಒಂದು ದಿನವೂ ಅಂಥ ಸೀರೆ ಉಟ್ಟವಳಲ್ಲ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಆಮೇಲೆ ಸಂಕೋಚದಿಂದ ಕೇಳಿದಳು.

“ಇಲ್ಲೇ ತಲಿ ಎರಕೊಳ್ಳಲೇನು?”

ಎರಕೋ ಎಂದಳು ಮಂದಾಕಿನಿ. ಯಾಕೆ ಎಂದು ಕೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳುತ್ತ ಅವಳು ಅಡುಗೆಮನೆಯಲ್ಲಿ ಹೋಳಿಗೆಯ ಕಣಕವನ್ನು ನಾದಿದ್ದೇ ನಾದಿದ್ದು. ಅಕ್ಕ ತಡಮಾಡಿ ಸ್ನಾನ ಮಾಡುವವಳಲ್ಲ. ಅಂದು ಬಹಳ ಹೊತ್ತು ಮಾಡಿದಳು. ಹೊರಗೆ ಬಂದಾಗ ಬೆರಳ ತುದಿಗಳು ನೆನೆದು ಸುಕ್ಕಾಗಿದ್ದವು, ಮುಖದಲ್ಲಿ ಎಳೆಯ ಹುಡುಗಿಯ ಕಳೆ ಇತ್ತು. ಊಟಕ್ಕೆ ಕೂತಾಗ ಚಾಳದ ಗೌರವ್ವಜ್ಜಿ ದರ್ಗಾದ ಬೋರಿನಿಂದ ಕೊಡ ಹೊತ್ತು ಬರುವಾಗ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು ಎಂದು ಕಾಶವ್ವ ಹೇಳಿದಳು. ದರ್ಗಾದಿಂದ ಯಾಕೆ ನೀರು ಎಂದು ಮಂದಾಕಿನಿ ಕೇಳಬೇಕಾಗಿತ್ತು. ಕೇಳದವಳಿಗೆ ಉತ್ತರ ಗೊತ್ತಿದೆ ಎಂದೇ ಅರ್ಥ. ಅವಳು ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಹೊರಡುವಾಗ ಕಾಶವ್ವ ಎರಡೂ ಕ್ಯಾನು ತುಂಬಿಸಿಕೊಂಡಳು. ನಿಮ್ಮ ಕಡೆಯ ನೀರು ಸಿಹಿ, ಬೇಳೆ ಚೆನ್ನಾಗಿ ಬೇಯುತ್ತದೆ ಎಂದು ನೆಪ ಹೇಳಿದಳು. ಶ್ರೀಶೈಲ ತಾನು ಬಿಟ್ಟುಬರುತ್ತೇನೆ ಎಂದರೂ ಕೇಳದೆ, ಎರಡು ಕೈಗೂ ಭಾರ ತೂಗಿಕೊಂಡು ಐದು ಮಹಡಿ ಇಳಿದಳು. ಅವಳು ಹೋದ ಮೇಲೆ ಶ್ರೀಶೈಲ ಹೆಂಡತಿಯ ಮುಖ ನೋಡಿದ. ಅವಳು ಹೋಗಿ ಬಚ್ಚಲು ತೊಳೆಯತೊಡಗಿದಳು. ತನ್ನ ಮನೆಯ ನಳದ ಮೇಲೆ, ಅದು ಧಾರಾಳವಾಗಿ ಸುರಿಯುವ ರೀತಿಯ ಮೇಲೆ ಅವಳಿಗೆ ಹೇಸಿಗೆ ಬಂತು. ಅದಕ್ಕಿಂತ ಹೆಚ್ಚಿನ ಹೇಸಿಗೆ ತನ್ನ ಮೇಲೆ ಬಂತು. ನಾಳೆ ಹೇಳಿಯೇ ತೀರುತ್ತೇನೆ ಎಂದು ನಿರ್ಧರಿಸಿದಳು. ಸೋಮವಾರ ಹಂಪಣ್ಣವರ ರಜೆಯಲ್ಲಿದ್ದರು. ಅದು ಗೊತ್ತಾದಾಗ ತನಗೆ ಆದ ನಿರಾಳವನ್ನು ಅವಳು ಮುಂದೆ ಎಂದೂ ಮರೆಯಲಿಲ್ಲ. ಮಂಗಳವಾರ, ಬುಧವಾರವೂ ಹಾಗೇ ಕಳೆದವು.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಝಾಕೀರ್ ಮತ್ತೆ ಕರೆದ. ಈ ಸಲ ಅವನ ದನಿಯಲ್ಲಿ ಗಮ್ಮತ್ತು ಇರಲಿಲ್ಲ. ಊರಿನೊಳಗಿನ ಖಾಲಿ ಜಾಗಗಳನ್ನು ಸಪಾಟು ಮಾಡುವ ದೊಡ್ಡ ಯಂತ್ರ ತಿಂಗಳಿಗೊಮ್ಮೆ ನಕ್ಷೆಯನ್ನು ಓದಿ ತನ್ನ ಕೆಲಸ ತಾನೇ ಆರಿಸಿಕೊಳ್ಳುತ್ತಿತ್ತು. ಇಂದಿನ ಪಟ್ಟಿಯಲ್ಲಿ ಮೊದಲಿಗೇ ಗಿರಣಿಯ ಹಿಂದಿನ ಬಯಲು ಎಂದಿತ್ತು. ಯಂತ್ರ ಆಗಲೇ ಡಿಪೋ ಬಿಟ್ಟು ಹೊರಟಿತ್ತು. ಪರದೆಯ ಮೇಲೆ ಕೆಂಪು ಚುಕ್ಕೆಯೊಂದು ನಿಧಾನವಾಗಿ ಹಳೇ ಬಸ್ ಸ್ಟ್ಯಾಂಡು ದಾಟುತ್ತಿತ್ತು.

ಅದು ಮನುಷ್ಯರನ್ನು ಕಂಡರೆ ನಿಲ್ಲುತ್ತದೆ ಎಂದು ಝಾಕೀರ್ ಹೇಳಿದ. ಒಳಗೆ ಯಾರೂ ಇಲ್ಲದ ಮನೆಯ ಗತಿ ಏನು ಎಂಬುದನ್ನು ಹೇಳಲಿಲ್ಲ. ಈ ಹೊತ್ತಿಗೆ ಚಾಳದ ಹೆಂಗಸರೆಲ್ಲ ದರ್ಗಾದ ಬೋರಿನ ಮುಂದೆ ಸಾಲು ನಿಂತಿರುತ್ತಾರೆ ಎಂದು ಮಂದಾಕಿನಿ ಲೆಕ್ಕ ಹಾಕಿದಳು. ಬಾಗಿಲುಗಳಿಗೆ ಚಿಲಕ ಹಾಕಿರುತ್ತದೆ. ಒಳಗೆ ಹೊಲಿಗೆ ಯಂತ್ರ ಇರುತ್ತದೆ.

ಕೈಯಿಂದ ನಿಲ್ಲಿಸಿದರೆ ಅರ್ಧ ಗಂಟೆ ನಿಲ್ಲಿಸಬಹುದು, ಅಷ್ಟರಲ್ಲಿ ಪತ್ರವೋ ಸಾಕ್ಷಿಯೋ ಬೇಕು ಎಂದ ಝಾಕೀರ್. ನಿಲ್ಲಿಸಿ ಎಂದಳು. ಯಾರಾದರೂ ಒಬ್ಬರು, ಬೇರೆ ಯಾರಾದರೂ, ಚಾಳದವರು ಯಾರಾದರೂ ಕಚೇರಿಯ ದಾಖಲೆಯಲ್ಲಿ ಸಾಕ್ಷಿ ಹೇಳಿದ್ದಾರೆಯೇ ಎಂಬ ಕೊನೆಯ ಆಸೆಯಿಂದ ಅವಳು ಆ ವಾಪಸ್ಸಾದ ಅರ್ಜಿಯನ್ನು ತೆರೆದಳು.

ದೂರು ಕಿಟಕಿಯಲ್ಲಿ ಕೂತಿದ್ದದ್ದೂ ಯಂತ್ರವೇ. ಅದು ನಡೆದದ್ದನ್ನು ನಡೆದಂತೆಯೇ ಬರೆದುಕೊಂಡಿತ್ತು.

‘ಅರ್ಜಿದಾರರು: ಕಾಶವ್ವ ಸಿಂಪಿಗೇರ, ಚಾಳದ ನಲವತ್ಮೂರು ಮನೆಗಳ ಪರವಾಗಿ. ವಿಷಯ: ನೀರಿಲ್ಲ. ಆ ವಿಳಾಸ ನಕ್ಷೆಯಲ್ಲಿ ಇಲ್ಲವೆಂದು ತಿಳಿಸಲಾಯಿತು. ವಿಳಾಸವನ್ನು ಕೊನೆಯದಾಗಿ ಸರಿಸಿದವರು ಮಂದಾಕಿನಿ ಸಿಂಪಿಗೇರ ಎಂದು ತೋರಿಸಲಾಯಿತು. ದೂರನ್ನು ಇವರ ಮೇಲೆ ದಾಖಲಿಸಬೇಕೇ ಎಂದು ಕೇಳಲಾಯಿತು. ಅರ್ಜಿದಾರರು ನಾಲ್ಕು ನಿಮಿಷ ಉತ್ತರಿಸಲಿಲ್ಲ. ಅಡ್ಡಹೆಸರು ಒಂದೇ ಇರುವುದರಿಂದ ಸಂಬಂಧಿಕರೇ ಎಂದು ಕೇಳಲಾಯಿತು. ಉತ್ತರ: ಅಲ್ಲ. ಈಕೆ ಯಾರೋ ನನಗೆ ಗೊತ್ತಿಲ್ಲ. ಅರ್ಜಿ ವಾಪಸ್. ಕಾರಣ: ನೀರು ಬರುತ್ತಿದೆ.’

ಹೋದ ವಾರದ ಮಂಗಳವಾರದ ದಾಖಲೆ. ಅಂದರೆ ಭಾನುವಾರ ತಲೆ ಎರೆದುಕೊಳ್ಳಲು ಬಂದಾಗ ಅಕ್ಕನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಹೋಳಿಗೆ ತಿಂದಿದ್ದಳು. ಗೊತ್ತಿದ್ದೇ, ನಿಮ್ಮ ನೀರು ಸಿಹಿ ಎಂದಿದ್ದಳು. ಚಾಳದ ಹೆಂಗಸರಿಗೆ ಏನು ಹೇಳಿ ಸಮಾಧಾನ ಮಾಡಿದ್ದಳೋ, ಅವರಿಂದ ಏನು ಅನ್ನಿಸಿಕೊಂಡಳೋ. ಮಂದಾಕಿನಿಗೆ ಅಳು ಬಂದಿದ್ದರೆ ಸುಲಭವಾಗುತ್ತಿತ್ತು, ಬರಲಿಲ್ಲ. ಬರೀ ನಾಚಿಕೆ, ಉಸಿರಾಡಲೂ ಜಾಗ ಬಿಡದಂಥ ನಾಚಿಕೆ.

ಅವಳು ನಕ್ಷೆಮನೆಯ ಹಾಲಿಗೆ ಹೋದಳು. ಅವಳದೊಂದನ್ನು ಬಿಟ್ಟು ಉಳಿದ ಕುರ್ಚಿಗಳೆಲ್ಲ ತುಂಬಿದ್ದವು. ಹಂಪಣ್ಣವರ ಚಹಾ ಕುಡಿಯುತ್ತಿದ್ದರು. ಅವಳು ತನ್ನ ಜಾಗದಲ್ಲಿ ಕೂರದೆ ಮೇಜಿನ ತುದಿಗೆ ನಿಂತಳು. ಗಿರಣಿ ಚಾಳಕ್ಕೆ ಕಣ್ಣುಸಾಕ್ಷಿ ಇದೆ, ತೆಗೆದುಕೊಳ್ಳಬೇಕು ಎಂದಳು. ಯಾರದು ಎಂದು ಅವರು ಕೇಳಿದರು. ನಂದ್ರಿ ಎಂದಳು.

ಪದ್ಧತಿಯಂತೆ ಮೂರು ಸಂಗತಿ ಹೇಳಬೇಕಿತ್ತು.

“ನಾಕನೇ ಬಾಗಲ ಮುಂದಿನ ಹಾಸಗಲ್ಲು ಒಡದೈತ್ರಿ, ಮಳಿಗಾಲದಾಗ ಅಲ್ಲಿ ನೀರ ನಿಂದರತೈತಿ. ಹನ್ನೊಂದನೇ ಮನ್ಯಾಗ ಮಗ್ಗದ ಕುಣಿ ಇತ್ತು, ಅದನ್ನ ಮುಚ್ಚಿ ಮ್ಯಾಲೆ ಒಲಿ ಹೂಡ್ಯಾರ.” ಇಲ್ಲಿಯ ತನಕ ದನಿ ಸರಿಯಾಗಿಯೇ ಇತ್ತು. “ಹದಿನೇಳನೇದು ನಮ್ಮ ಮನಿ. ಒಳಗಿನ ಗೋಡಿ ಮ್ಯಾಲೆ ಸುಣ್ಣದ ಕೆಳಗ ನನ್ನ ಎತ್ತರದ ಗೆರಿ ಅದಾವ, ವರ್ಷಕ್ಕೊಂದು. ನಮ್ಮಕ್ಕ ಹಾಕಿದ್ದು.”

ಜಾಗ ನಿಮಗೆ ಹೇಗೆ ಗೊತ್ತು ಎಂದು ಕೇಳುವುದು ಹಂಪಣ್ಣವರ ಕರ್ತವ್ಯವಾಗಿತ್ತು. ಅವರು ಕೇಳಲು ಹಿಂಜರಿದರು, ಆಮೇಲೆ ಕೇಳಿದರು.

“ಅಲ್ಲೇ ಹುಟ್ಟೀನ್ರಿ. ಧಾರವಾಡ ಅಲ್ಲ. ಅಲ್ಲಿರಾಕಿ ಕಾಶವ್ವ ನಮ್ಮಕ್ಕ. ಅವತ್ತ ನೀವು ಕೇಳಿದಾಗ ನನಗ ಗೊತ್ತಿತ್ತು. ನಾಚಿಕಿಯಾಗಿ ಸುಮ್ನ ಕುಂತೆ.”

ನಾಲ್ಕು ಕಾಲಿನವರು ಎಂದು ಅಂದು ನಕ್ಕವನು ಮೇಜಿನ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದ. ಹಂಪಣ್ಣವರ ಲೋಟ ಕೆಳಗಿಟ್ಟು, ಬರೆಯಿರಿ ಎಂದು ಸನ್ನೆ ಮಾಡಿದರು. ಹೆಸರು ಅಂಟಿಕೊಂಡಿತು: ‘ಕಣ್ಣುಸಾಕ್ಷಿ: ಮಂದಾಕಿನಿ ಸಿಂಪಿಗೇರ, ಇಲ್ಲಿ ಹುಟ್ಟಿದವಳು.’ ನಲವತ್ಮೂರು ಬಾಗಿಲು, ಒಂದು ಕೊಳವೆ, ಒಂದು ನಳ ಪೆನ್ಸಿಲಿನಿಂದ ಹೊರಬಂದು ತಮ್ಮ ತಮ್ಮ ಲೇಯರಿಗೆ ಸೇರಿದವು. ಪರದೆಯ ಮೇಲೆ ಈಗಲೂ ಏನೂ ಬದಲಾಗಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಮಾತ್ರ ಗಿರಣಿ ರಸ್ತೆಯ ತಿರುವಿನಲ್ಲಿ ತಡೆದು ನಿಲ್ಲಿಸಿದ್ದ ಕೆಂಪು ಚುಕ್ಕೆ ಯೋಚಿಸಿದಂತೆ ಮಾಡಿ, ಬೇರೆ ಕಡೆ ಹೊರಟಿತು ಎಂದು ಝಾಕೀರ್ ಬಂದು ಹೇಳಿದ.

“ಹದಿಮೂರು ದಿವಸ ಆತು, ಮಂದಾಕಿನಿ,” ಎಂದರು ಹಂಪಣ್ಣವರ. ಹನ್ನೆರಡು ವರ್ಷದಲ್ಲಿ ಅವರು ‘ಅವರೇ’ ಎಂದು ಸೇರಿಸದೆ ಕರೆದದ್ದು ಅದೇ ಮೊದಲು. “ನೀವು ಎಲ್ಲೇ ಹುಟ್ಟಿರ್ರಿ, ನನಗೇನಾಗಬೇಕಿತ್ತು? ಅದರಾಗ ಹತ್ತು ದಿವಸ ಆ ಮಂದಿ ನೀರಿಲ್ದ ಕುಂತಾರಲ್ಲ.”

ಬೈದಿದ್ದರೆ ಸಹಿಸಬಹುದಿತ್ತು. ಸೋಮವಾರ ವಿಚಾರಣೆ ಇರುತ್ತದೆ, ಅಲ್ಲಿಯತನಕ ಯಾವ ಲೇಯರನ್ನೂ ಮುಟ್ಟಬಾರದು ಎಂದು ಹೇಳಿ ಅವರು ಲೇಯರು ತೆರೆಯುವ ಅವಳ ಕೀಲಿಯನ್ನು ತೆಗೆದುಕೊಂಡರು. ಕೊಡುವಾಗ ಅವಳಿಗೆ ದುಃಖವಾಗಲಿಲ್ಲ. ಇದು ತನಗೆ ಬರಬೇಕಾದದ್ದರಲ್ಲಿ ತೀರ ಸಣ್ಣ ಪಾಲು ಎಂದಷ್ಟೇ ಅನ್ನಿಸಿತು.

ಕಚೇರಿಯಿಂದ ನೇರ ನಡೆದೇ ಹೋದಳು. ಅರ್ಧ ಗಂಟೆಯ ದಾರಿ, ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕಚೇರಿಯ ಬಟ್ಟೆಯಲ್ಲಿ ನಡೆಯದ ದಾರಿ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಒಂದು ವಾಕ್ಯವೂ ನಿಲ್ಲಲಿಲ್ಲ. ಕಾಲಿಗೆ ಬೀಳಬೇಕು ಎಂದುಕೊಂಡಳು, ಅಕ್ಕ ಬೀಳಗೊಡುವುದಿಲ್ಲ ಎಂಬುದೂ ಗೊತ್ತಿತ್ತು.

ಚಾಳ ತಲುಪಿದಾಗ ಸಂಜೆಯ ಐದು ಗಂಟೆ. ನಳದಲ್ಲಿ ನೀರು ಬರುತ್ತಿತ್ತು. ಮೊದಲು ಬಂದ ಕೆಂಪು ನೀರನ್ನು ಯಾರೋ ಬಕೆಟ್ಟಿನಲ್ಲಿ ಹಿಡಿದು ಪಕ್ಕಕ್ಕೆ ಇಟ್ಟಿದ್ದರು, ಅದನ್ನೂ ಚೆಲ್ಲಲು ಮನಸ್ಸಾಗಿರಲಿಲ್ಲ. ಬೋರಿಗೆ ಹೋದವರು ಇನ್ನೂ ತಿರುಗಿ ಬಂದಿರಲಿಲ್ಲ. ನಳದ ಹತ್ತಿರ ಇಬ್ಬರೇ ಇದ್ದರು. ಒಬ್ಬಳು ಹೋದ ವರ್ಷ ಬಾಡಿಗೆಗೆ ಬಂದ ಎಳೆಯ ಬಾಣಂತಿ, ಕಂಕುಳಲ್ಲಿ ಕೂಸು. ಇನ್ನೊಬ್ಬಳು ಕಾಶವ್ವ, ಕೊಡ ತುಂಬುವುದನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅವಳ ಬಲ ಅಂಗೈಗೆ ಬಟ್ಟೆ ಸುತ್ತಿತ್ತು, ಹಗ್ಗವೋ ಕ್ಯಾನಿನ ಹಿಡಿಕೆಯೋ ಕೊಯ್ದಿರಬೇಕು.

ಇಸ್ತ್ರಿ ಸೀರೆ, ಹೆಗಲಿಗೆ ಚೀಲ, ಕೊರಳಲ್ಲಿ ಕಚೇರಿಯ ಗುರುತಿನ ಪಟ್ಟಿ ಹಾಕಿಕೊಂಡವಳು ಬಂದು ನಿಂತದ್ದನ್ನು ಬಾಣಂತಿ ಮೊದಲು ನೋಡಿದಳು. ಯಾರು ಕಾಶಕ್ಕ ಇವರು ಎಂದು ಕೇಳಿದಳು.

ಕಾಶವ್ವ ತಲೆ ಎತ್ತಿದಳು. ತ್ರಾಸಾಗಿ ಎದ್ದಳು. ಸೆರಗು ಸರಿಮಾಡಿಕೊಂಡು, ತಂಗಿಯ ಮುಖ ನೋಡದೆ, ತೀರ ಸಹಜವಾಗಿ ಹೇಳಿದಳು.

“ಆಫೀಸಿನವರು. ನಳ ನೋಡಾಕ ಬಂದಾರ.” ತಂಗಿಯ ಕಡೆ ತಿರುಗಿ, “ನೀರ ಬಂತ್ರಿ ಮೇಡಂ. ಉಪಕಾರ ಆತು. ನೀವಿನ್ನ ಹೋಗ್ರಿ,” ಎಂದಳು.

ಕೊಡ ತುಂಬಿ ಹೊರಚೆಲ್ಲುತ್ತಿತ್ತು. ಯಾರೂ ನಳ ನಿಲ್ಲಿಸಲಿಲ್ಲ.

“ಅಕ್ಕಾ,” ಎಂದಳು ಮಂದಾಕಿನಿ. ಬಾಣಂತಿಯ ಕಡೆ ನೋಡಿ, “ನಾ ಕಾಶಕ್ಕನ ತಂಗಿ. ಈ ನೀರ ಬಂದ್ ಆಗಿದ್ದು ನನ್ನಿಂದ,” ಎಂದಳು. ಗಟ್ಟಿಯಾಗಿಯೇ ಹೇಳಿದಳು.

ಕಾಶವ್ವನ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಅವಳು ಕಾದಿದ್ದಳು. ಬರಲಿ ಎಂದು ಬೇಡಿಕೊಂಡಿದ್ದಳು. ಸಿಟ್ಟು ಬರಲಿಲ್ಲ, ಸಂತೋಷವೂ ಬರಲಿಲ್ಲ. ಅಕ್ಕ ಗಾಬರಿಯಾಗಿ ತಂಗಿಯ ಬಾಯಿಗೆ ತನ್ನ ಒದ್ದೆ ಕೈ ಅಡ್ಡ ಹಿಡಿದಳು. ಆಮೇಲೆ ಅವಳ ಹೆಗಲ ಮೇಲಿನಿಂದ ಓಣಿಯ ಬಾಯಿಯ ಕಡೆ ಕತ್ತು ಚಾಚಿ, ಕಚೇರಿಯವರು ಯಾರಾದರೂ ಹಿಂದೆ ಬಂದು ಕೇಳಿಸಿಕೊಂಡರೇ ಎಂದು ನೋಡಿದಳು. ಹಿಂದಿನ ಮೆಟ್ಟಿಲು ಹತ್ತುವಾಗ ಪ್ರತಿ ಸಲವೂ ನೋಡಿ ರೂಢಿಯಾದ ನೋಟ. ಹಾಗೆ ನೋಡುವುದನ್ನು ಅಕ್ಕನಿಗೆ ಕಲಿಸಿದವಳು ತಾನೇ ಎಂದು ಮಂದಾಕಿನಿಗೆ ಗೊತ್ತಿತ್ತು.